ಗಂಟೆ ಬಡಿಯುತ್ತೆ, ಮಾತು ಬರೋಲ್ಲ

ಕಪಾಟಿನಲ್ಲಿ ಒಂಟಿಯಾಗಿ ಕೂತ ಫೋನು ಫೋನೇ ಅಲ್ಲ. ಎರಡಿರಬೇಕು, ನಡುವೆ ತಂತಿ ಇರಬೇಕು. ಹಾಗಾಗಿ ಎರಡನೇ ಇಇ-8 ಕೈಸೇರಿದ ಭಾನುವಾರ ಬೇರೆ ಕೆಲಸವನ್ನೇ ಇಟ್ಟುಕೊಳ್ಳಲಿಲ್ಲ.

ಇಇ-8 ಅಮೆರಿಕ ಸೇನೆಯ ಯುದ್ಧಭೂಮಿಯ ಫೋನು. ಎರಡನೇ ಮಹಾಯುದ್ಧದಿಂದ ವಿಯೆಟ್ನಾಂವರೆಗೂ ದುಡಿದಿದೆ. ನನ್ನ ಮೊದಲನೆಯದಕ್ಕೆ ಚರ್ಮದ ಚೀಲ, ಇದಕ್ಕೆ ಕ್ಯಾನ್ವಾಸಿನದು. ಒಳಗೆ ಯಾವ ಕಾಲದ್ದೋ ಸೆಲ್ಲು ಸೋರಿ, ಪಟ್ಟಿಗಳ ಮೇಲೆಲ್ಲ ಹಸಿರು ಕಿಲುಬು. ಉಪ್ಪು ಕಾಗದದಿಂದ ಉಜ್ಜಿ ಉಜ್ಜಿ ಲೋಹದ ಹೊಳಪು ಕಾಣುವಷ್ಟರಲ್ಲಿ ಅರ್ಧ ಬೆಳಗ್ಗೆ ಹೋಯಿತು. ದಪ್ಪ ಟಾರ್ಚ್ ಸೆಲ್ಲು ಎರಡು ಹಾಕಿದೆ.

ಆಚೆ ಕೋಣೆಯಲ್ಲಿ ಮಗಳನ್ನು ಕೂರಿಸಿದ್ದೆ. ಹ್ಯಾಂಡಲ್ ಮುಟ್ಟಬೇಡ ಅಂತ ಹೇಳುವುದನ್ನು ಮರೆತಿದ್ದೆ. ತಂತಿಯ ಎರಡೂ ತುದಿ ಬರಿಗೈಲಿ ಹಿಡಿದು ಸಿಕ್ಕಿಸುತ್ತಿದ್ದಾಗಲೇ ಅವಳು ತಿರುಗಿಸಿಬಿಟ್ಟಳು. ಹ್ಯಾಂಡಲ್ ತಿರುವಿದರೆ ಗಂಟೆಗೆ ಕರೆಂಟು ಹುಟ್ಟಿಸುವ ಆ ಪುಟ್ಟ ಮ್ಯಾಗ್ನೆಟೊ 80 ವೋಲ್ಟಿನ ಆಸುಪಾಸು ಕೊಡುತ್ತೆ ಅಂತ ಓದಿದ್ದೆ. ಮೊಣಕೈವರೆಗೆ ಗೊತ್ತಾಗಿದ್ದು ಅವತ್ತೇ. ಅವಳು ನಕ್ಕಳು. ತಪ್ಪು ನನ್ನದೇ, ಬೈಯೋ ಹಾಗಿರಲಿಲ್ಲ.

ತಂತಿ ಕೂಡಿಸಿದ ಮೇಲೆ ಗಂಟೆ ಎರಡೂ ಕಡೆ ಚೆನ್ನಾಗಿ ಬಡಿಯಿತು. ಅವಳ ಮಾತು ನನಗೆ ಸ್ಪಷ್ಟ. ನನ್ನದು ಮಾತ್ರ ಅವಳಿಗೆ ಏನೇನೂ ಕೇಳದು. ಗಂಟೆಗೆ ಸೆಲ್ಲು ಬೇಕಿಲ್ಲ, ಕೈತಿರುವಿನ ಕರೆಂಟೇ ಸಾಕು, ಮಾತಿಗೆ ಬೇಕು. ಅಂದರೆ ಮತ್ತೆ ಸೆಲ್ಲೇ? ಮೀಟರ್ ಇಟ್ಟು ನೋಡಿದರೆ 3 ವೋಲ್ಟ್ ಸರಿಯಾಗಿಯೇ ಇತ್ತು. ಒಳಗಿನ ತಿರುಪು ಎಲ್‌ಬಿ ಕಡೆಗೇ, ಅಂದರೆ ತನ್ನದೇ ಬ್ಯಾಟರಿ ಬಳಸುವ ಕಡೆಗೇ ಇತ್ತು. ಮಾತಾಡುವಾಗ ಒತ್ತಿ ಹಿಡಿಯುವ ಗುಂಡಿಯನ್ನೂ ಬಿಚ್ಚಿ ಒರೆಸಿದೆ. ಉಹುಂ. ಮೈಕಿಗೆ ಊದಿದರೆ ನನ್ನ ಕಿವಿಗೂ ಸ್ವಲ್ಪ ಬುಸ್ ಅನ್ನಬೇಕು, ಅದೂ ಇಲ್ಲ.

ಆಗ ಹೊಳೆಯಿತು: ಮೈಕಿನೊಳಗೆ ಇರುವುದು ಇದ್ದಿಲಿನ ಹರಳುಪುಡಿ. ದನಿಗೆ ಅದು ಸಡಿಲಾಗಿ, ಬಿಗಿಯಾಗಿ ಕರೆಂಟನ್ನು ಏರಿಳಿಸಬೇಕು. ದಶಕಗಟ್ಟಲೆ ಅಲುಗದೆ ಬಿದ್ದಿದ್ದರೆ ಗಟ್ಟಿ ಕಟ್ಟಿಕೊಂಡಿರುತ್ತೆ. ರಿಸೀವರನ್ನು ಅಂಗೈಗೆ ತಟ್ಟಿದೆ. ಗುಂಡಿ ಒತ್ತಿಯೇ ಹಿಡಿದು ಮತ್ತೆ ತಟ್ಟಿದೆ. ಬಾಯಲ್ಲಿ ಅದನ್ನು ಮಾಡಿದವನಿಗೆ, ಮಾರಿದವನಿಗೆ, ಕೊಂಡ ನನಗೆ ಮಂತ್ರಪುಷ್ಪ ನಡೆದೇ ಇತ್ತು.

ಕಿವಿಯಲ್ಲಿ ಮಗಳ ದನಿ: "ಅಪ್ಪಾ, ಯಾರಿಗೆ ಬಯ್ತಿದೀಯ?"