50 ಹುಡುಕಿದಾಗ ನಿಂತುಹೋದ ಪ್ರೋಗ್ರಾಮ್

14 ಅಕ್ಟೋಬರ್ 2025, ಮಂಗಳವಾರ

ಸಂಜೆ ನಾನು ಪಾಠ ಮಾಡುವ ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ ಇವತ್ತು ಬೈನರಿ ಸರ್ಚ್ ಇತ್ತು. ಅದಕ್ಕೆ ಇದ್ದಿದ್ದು ಒಂದೇ ಗಂಟೆ, ನಾನು ಎರಡು ಗಂಟೆ ತೆಗೆದುಕೊಂಡೆ. ಮುಂದಿನ ವಾರ ಲಿಂಕ್ಡ್ ಲಿಸ್ಟ್ ಪಾಠ ಸ್ವಲ್ಪ ಬೇಗ ಬೇಗ ಮುಗಿಸಬೇಕಾಗುತ್ತದೆ, ಪರವಾಗಿಲ್ಲ.

ಬೈನರಿ ಸರ್ಚ್ ಅಂದರೆ ಎಲ್ಲರಿಗೂ ಗೊತ್ತು ಅನ್ನಿಸುತ್ತದೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದ ಸಂಖ್ಯೆಗಳಲ್ಲಿ ಒಂದನ್ನು ಹುಡುಕಲು ನಡುವಿನದ್ದನ್ನು ನೋಡು, ಬೇಕಾದ್ದು ಅದಕ್ಕಿಂತ ದೊಡ್ಡದಾದರೆ ಎಡಗಡೆ ಅರ್ಧ ಬಿಡು, ಚಿಕ್ಕದಾದರೆ ಬಲಗಡೆ ಅರ್ಧ ಬಿಡು. 10 ಲಕ್ಷ ಸಂಖ್ಯೆ ಇದ್ದರೂ ಹೆಚ್ಚೆಂದರೆ 20 ಸಲ ನೋಡಿದರೆ ಸಾಕು. ಇಷ್ಟನ್ನು ಹುಡುಗರು ಐದು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಕೋಡ್ ಬರೆಯಲು ಕೂತಾಗಲೇ ಕಷ್ಟ ಶುರು.

ಒಬ್ಬಳು ಬರೆದು ತೋರಿಸಿದಳು. 10, 20, 30, 40, 50 ಅಂತ ಐದು ಸಂಖ್ಯೆಗಳ ಅರೇ (ಸಾಲಾಗಿಟ್ಟ ಪಟ್ಟಿ). 30 ಹುಡುಕಿದಳು, ಸಿಕ್ಕಿತು. 10 ಸಿಕ್ಕಿತು, 40 ಕೂಡ ಸಿಕ್ಕಿತು. "ಔಟ್‌ಪುಟ್ ಸರಿಯಾಗಿ ಬರ್ತಾ ಇದೆ ಮೇಡಂ" ಅಂದಳು. ಸರಿ, 50 ಹುಡುಕಮ್ಮ ಅಂದೆ. ಪ್ರೋಗ್ರಾಮ್ ಅಲ್ಲೇ ನಿಂತಿತು. ಏನೂ ಬರಲಿಲ್ಲ, ಎರರ್ ಕೂಡ ಇಲ್ಲ.

ಇಂಥ ಹೊತ್ತಲ್ಲಿ ಉತ್ತರ ಹೇಳಿಬಿಡುವ ಆಸೆ ಬಹಳ ಆಗುತ್ತದೆ. ಹೇಳಬಾರದು. ಲ್ಯಾಪ್‌ಟಾಪ್ ಮುಚ್ಚಿಸಿ ಬೋರ್ಡ್ ಹತ್ತಿರ ಕರೆದೆ. ಲೋ (ಹುಡುಕುವ ಭಾಗದ ಮೊದಲ ಸ್ಥಾನ), ಹೈ (ಕೊನೆಯ ಸ್ಥಾನ), ಮಿಡ್ (ನಡುವಿನ ಸ್ಥಾನ, ಅರ್ಧ ಬಂದರೆ ಅದನ್ನು ಬಿಟ್ಟು) ಅಂತ ಮೂರು ಕಾಲಂ ಎಳೆದು, ಲೂಪ್ (ಮತ್ತೆ ಮತ್ತೆ ನಡೆಯುವ ಕೋಡ್) ಒಂದೊಂದು ಸುತ್ತು ಹೋದ ಹಾಗೆ ಒಂದೊಂದು ಸಾಲು ಬರೆಯಲು ಹೇಳಿದೆ. ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೊದಲ ಸಾಲು 0, 4, 2. ಎರಡನೆಯದು 2, 4, 3. ಮೂರನೆಯದು 3, 4, 3. ನಾಲ್ಕನೆಯದೂ 3, 4, 3. ಐದನೇ ಸಾಲಿಗೆ ಕೈ ಹಾಕಿದವಳು ತಾನೇ ನಿಲ್ಲಿಸಿ, "ಮೇಡಂ, ಲೋ ಮುಂದಕ್ಕೇ ಹೋಗ್ತಿಲ್ಲ" ಅಂದಳು. ಲೋ = ಮಿಡ್ ಅಂತ ಬರೆದಿದ್ದಳು, ಲೋ = ಮಿಡ್ + 1 ಆಗಬೇಕಿತ್ತು. ಹಿಂದಿನ ಬೆಂಚಿನಿಂದಲೂ ಒಂದಿಬ್ಬರು ತಮ್ಮ ಕೋಡ್ ತೆರೆದು ನೋಡಿಕೊಳ್ಳಲು ಶುರುಮಾಡಿದರು.

ಇಲ್ಲಿಗೆ ಬಿಟ್ಟರೆ ಅವರು ಕಲಿಯುವುದು ಒಂದು +1 ಅಷ್ಟೇ. ಅದಕ್ಕೇ ಇನ್ನೊಂದು ಪ್ರಶ್ನೆ ಕೇಳಿದೆ: ಲೂಪ್‌ನ ಪ್ರತಿ ಸುತ್ತಿನ ಶುರುವಿನಲ್ಲಿ ಯಾವ ಮಾತನ್ನು ಖಂಡಿತವಾಗಿ ಹೇಳಬಹುದು? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಮೆಲ್ಲಗೆ, "ನಾವು ಹುಡುಕೋ ನಂಬರ್ ಅರೇಯಲ್ಲಿ ಇದ್ರೆ ಅದು ಲೋ ಇಂದ ಹೈ ವರೆಗೆ ಎಲ್ಲೋ ಇರಲೇಬೇಕು" ಅಂದ. ಇದೇ ಲೂಪ್ ಇನ್‌ವೇರಿಯಂಟ್, ಅಂದರೆ ಪ್ರತಿ ಸುತ್ತಿನಲ್ಲೂ ನಿಜವಾಗಿರುವ ಮಾತು. ಈ ಮಾತು ಕೈಯಲ್ಲಿದ್ದರೆ ಮಿಡ್ ಅನ್ನು ಯಾಕೆ ಬಿಡಬಹುದು (ಆಗಲೇ ನೋಡಿಯಾಗಿದೆ), ಲೋ ಹೈ ಅನ್ನು ದಾಟಿದರೆ ಸಂಖ್ಯೆ ಇಲ್ಲವೇ ಇಲ್ಲ ಅಂತ ಹೇಗೆ ಹೇಳಬಹುದು, ಎಲ್ಲ ತಾನಾಗೇ ಬರುತ್ತದೆ. ಬಾಯಿಪಾಠ ಮಾಡಲು ಏನೂ ಉಳಿಯುವುದಿಲ್ಲ.

ಕೊನೆಯಲ್ಲಿ ಜಾವಾ ಪ್ರೋಗ್ರಾಮಿಂಗ್ ಭಾಷೆಯ ವಿಷಯ ಹೇಳಿದೆ. ಜಾವಾದ ಜೊತೆಗೇ ಬರುವ ಬೈನರಿ ಸರ್ಚ್‌ನಲ್ಲೂ ಸುಮಾರು ಒಂಬತ್ತು ವರ್ಷ ಒಂದು ದೋಷ ಅಡಗಿ ಕೂತಿತ್ತು, ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದರ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಬರೆದರು. ಮಿಡ್ ಸಿಗಲು ಲೋ ಮತ್ತು ಹೈ ಕೂಡಿಸಿ ಎರಡರಿಂದ ಭಾಗಿಸುವ ಸಾಲು ಅದು. 32 ಬಿಟ್ ಇಂಟ್‌ನಲ್ಲಿ (ಪೂರ್ಣ ಸಂಖ್ಯೆ ಇಡುವ ಜಾಗ) ಹಿಡಿಯುವುದು 2,14,74,83,647ರ ವರೆಗೆ ಮಾತ್ರ. ಅರೇಯಲ್ಲಿ 107 ಕೋಟಿಗಿಂತ ಜಾಸ್ತಿ ಸಂಖ್ಯೆ ಇದ್ದಾಗ ಈ ಮೊತ್ತ ಮಿತಿ ದಾಟಿ ಋಣ ಸಂಖ್ಯೆ ಆಗಿಬಿಡಬಹುದು. ಹೈನಿಂದ ಲೋ ಕಳೆದು, ಅದರ ಅರ್ಧವನ್ನು ಲೋಗೆ ಕೂಡಿಸಿದರೆ ಸರಿಹೋಗುತ್ತದೆ. ಬೋರ್ಡ್ ಮೇಲೆ ತಪ್ಪಿದ ಹುಡುಗಿಯ ಮುಖ ಇದನ್ನು ಕೇಳಿದ ಮೇಲೆ ಸ್ವಲ್ಪ ಸಡಿಲವಾಯಿತು. ಅದಕ್ಕೋಸ್ಕರವೇ ನಾನು ಈ ಕಥೆ ಹೇಳುವುದು.

ಪಾರ್ಟ್‌ಟೈಮ್ ಲೆಕ್ಚರರ್ ಆಗಿರುವುದರ ಬಗ್ಗೆ ಜನ ಕೇಳುತ್ತಿರುತ್ತಾರೆ, ಹಗಲಿಡೀ ಕಂಪನಿ ಕೆಲಸ ಮಾಡಿ ಸಂಜೆ ಪಾಠಕ್ಕೆ ಯಾಕೆ ಹೋಗ್ತೀಯ ಅಂತ. ದುಡ್ಡು ಕೊಡುವುದು ಕ್ಲಾಸಿನ ಗಂಟೆಗೆ ಮಾತ್ರ. ತಯಾರಿ, ಅಸೈನ್‌ಮೆಂಟ್ ತಿದ್ದುವುದು, ಕ್ಲಾಸ್ ಮುಗಿದ ಮೇಲೆ ಕಾರಿಡಾರ್‌ನಲ್ಲಿ ನಿಂತು ಡೌಟ್ ಹೇಳಿಕೊಡುವುದು ಯಾವುದೂ ಲೆಕ್ಕಕ್ಕಿಲ್ಲ. ಇದು ಸರಿಯಲ್ಲ, ಬದಲಾಗಬೇಕು. ಡೌಟ್ ಕೇಳಲು ಬಂದವರನ್ನು ಕೂರಿಸಿಕೊಳ್ಳಲು ಒಂದು ಮೇಜು ಆದರೂ ಬೇಕು, ಅಲ್ವಾ? ನಷ್ಟ ಆಗುವುದು ವಿದ್ಯಾರ್ಥಿಗಳಿಗೆ.

ಆದರೂ ಹೋಗುತ್ತೇನೆ, ಯಾಕೆಂದರೆ ಹಗಲು ನಾನು ಮಾಡುವ ಕೆಲಸದಲ್ಲಿ ಹೆಚ್ಚಿನದು ಬೇರೆಯವರ ಕೋಡ್ ಓದುವುದು. ಈಗಂತೂ ಕೇಳಿದ ತಕ್ಷಣ ಕೋಡ್ ಬರೆದುಕೊಡುವ ಎಐ ಟೂಲ್‌ಗಳಿವೆ, ವಿದ್ಯಾರ್ಥಿಗಳು ಬಳಸುತ್ತಾರೆ, ನಾನೂ ಬಳಸುತ್ತೇನೆ. ಅದು ಕೊಟ್ಟಿದ್ದು ಸರಿಯಾ ಅಂತ ಹೇಳಲು ಆಗದೆ ಇದ್ದರೆ ಆ ಕೋಡ್ ಇಟ್ಟುಕೊಂಡು ಏನು ಮಾಡುವುದು? ಮೂರು ಸಂಖ್ಯೆ ಹಾಕಿ ನೋಡಿ ಆಯ್ತು ಅನ್ನುವವರಿಗೂ, ಯಾವ ಸಂಖ್ಯೆ ಹಾಕಿದರೆ ಮುರಿಯುತ್ತದೆ ಅಂತ ಯೋಚಿಸುವವರಿಗೂ ಕೆಲಸದಲ್ಲಿ ಅಜಗಜಾಂತರ ಇರುತ್ತದೆ, ದಿನಾ ನೋಡುತ್ತೇನೆ.

ಪರೀಕ್ಷೆಗೆ ಈ ಸಲ ಒಂದು ಬೇರೆ ಥರದ ಪ್ರಶ್ನೆ ಹಾಕಿದ್ದೇನೆ. ಹತ್ತು ಸಾಲಿನ ಕೋಡ್ ನಾನೇ ಕೊಡುತ್ತೇನೆ, ಅದರಲ್ಲಿ ಒಂದು ದೋಷ ಇರುತ್ತದೆ. ಯಾವ ಇನ್‌ಪುಟ್ ಕೊಟ್ಟರೆ ತಪ್ಪಾಗುತ್ತದೆ, ಯಾಕೆ ಅಂತ ಅವರು ಬರೆದು, ಕೋಡ್ ತಿದ್ದಬೇಕು. ತಿದ್ದಿದರೆ ಅರ್ಧದಷ್ಟು ಅಂಕ, ಯಾಕೆ ಅಂತ ಹೇಳಿದರೆ ಉಳಿದರ್ಧ. ವಿಭಾಗದಲ್ಲಿ ಒಪ್ಪಿಗೆ ಸಿಗಬೇಕು. ಉತ್ತರ ತಿದ್ದಲು ತುಂಬಾ ಹೊತ್ತು ಹಿಡಿಯುತ್ತದೆ ಅನ್ನುವ ಮಾತು ಆಗಲೇ ಬಂದಿದೆ, ಅದು ನಿಜ ಕೂಡ. ತಿದ್ದುವವಳು ನಾನೇ ತಾನೆ, ಗುರುವಾರ ಹೋಗಿ ಕೇಳುತ್ತೇನೆ.