ಆಟ ನೋಡೋಕೆ ಹೋಗಿ ಕಟ್ಟಡ ನೋಡುತ್ತಾ ನಿಂತೆ

ಗೆಳೆಯನ ಮಗ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. "ಅಂಕಲ್, ಒಂದ್ಸಲ ಮ್ಯಾಚ್‌ಗೆ ಬನ್ನಿ" ಅಂತ ಕರೆಯುತ್ತಲೇ ಇದ್ದ. ಕಳೆದ ಸೀಸನ್‌ನಲ್ಲಿ ಒಂದು ಶನಿವಾರ ಹಿಲ್ಸ್‌ಬೊರೊದಿಂದ ಕಾರಿನಲ್ಲಿ ಹೊರಟು ಯೂಜೀನ್ ತಲುಪಿದೆವು. ಕ್ಯಾಂಪಸ್ ಕಡೆಯಿಂದ ವಿಲ್ಲಾಮೆಟ್ ಹೊಳೆಯ ಕಾಲುಸೇತುವೆ ದಾಟಿ ಹೋದರೆ ಆಟ್ಜನ್ ಸ್ಟೇಡಿಯಂ. ಹಸಿರು, ಹಳದಿ ಅಂಗಿ ಹಾಕಿಕೊಂಡು ಅಜ್ಜ ಅಜ್ಜಿಯರಿಂದ ಹಿಡಿದು ಕಂಕುಳ ಕೂಸಿನವರೆಗೂ ಜನ, ಥೇಟ್ ಊರ ಜಾತ್ರೆ.

ಸ್ಟೇಡಿಯಂ ಪಕ್ಕದಲ್ಲೇ ಕಪ್ಪಗೆ ಹೊಳೆಯುವ ದೊಡ್ಡ ಕಟ್ಟಡ. ಹ್ಯಾಟ್‌ಫೀಲ್ಡ್-ಡೌಲಿನ್ ಕಾಂಪ್ಲೆಕ್ಸ್. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ತರಬೇತಿಗೆ ಅಂತಲೇ ಕಟ್ಟಿದ್ದು, 2013ರಲ್ಲಿ ತೆರೆದಿದ್ದು. ಸುಮಾರು 1,45,000 ಚದರ ಅಡಿ, ಖರ್ಚು 6.8 ಕೋಟಿ ಡಾಲರ್ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ನಾವು ಹೊರಗೇ ನಿಂತಿದ್ದೆವು, ಹುಡುಗ ಒಳಗೆ ಏನೇನಿದೆ ಅಂತ ಹೇಳುತ್ತಾ ಹೋದ. ವ್ಯಾಯಾಮದ ಕೋಣೆಗೆ ಬ್ರೆಜಿಲ್‌ನ ಗಟ್ಟಿಮರದ ನೆಲ. ನೇಪಾಳದಲ್ಲಿ ಕೈಯಲ್ಲೇ ನೇಯ್ದ ಜಮಖಾನ. ಆಟಗಾರರಿಗೆ ಒಳಗೇ ಕಟಿಂಗ್ ಶಾಪ್!

ಹಣ ಕೊಟ್ಟವರು ಫಿಲ್ ನೈಟ್ ಮತ್ತು ಅವರ ಹೆಂಡತಿ ಪೆನ್ನಿ. ಫಿಲ್ 1950ರ ದಶಕದಲ್ಲಿ ಇದೇ ಕಾಲೇಜಿನ ಓಟಗಾರ. ತನ್ನ ಕೋಚ್ ಬಿಲ್ ಬೋವರ್‌ಮನ್ ಜೊತೆ ಸೇರಿ 1964ರಲ್ಲಿ ಶುರು ಮಾಡಿದ ಶೂ ವ್ಯಾಪಾರವೇ ಮುಂದೆ ನೈಕಿ ಆಯಿತು. ಕಟ್ಟಡಕ್ಕೆ ಇಟ್ಟಿರುವುದು ಗಂಡ ಹೆಂಡತಿ ಇಬ್ಬರ ತಾಯಂದಿರ ತವರಿನ ಮನೆತನದ ಹೆಸರು. ಅದು ನನಗೆ ತುಂಬಾ ಹಿಡಿಸಿತು. ಓಡಿದ ನೆಲಕ್ಕೆ ಹೀಗೆ ತಿರುಗಿ ಕೊಡುವುದು ದೊಡ್ಡ ಮನಸ್ಸೇ.

ಆದರೆ ಒಂದು ವಿಷಯ ಮನಸ್ಸಿಗೆ ಒಗ್ಗಲಿಲ್ಲ. ಈ ಕಟ್ಟಡ ಎದ್ದಾಗ ಅದರೊಳಗೆ ಬೆವರು ಸುರಿಸುವ ಹುಡುಗರಿಗೆ ಸ್ಕಾಲರ್‌ಶಿಪ್ ಬಿಟ್ಟರೆ ಸಂಬಳ ಇರಲಿಲ್ಲ, ತಮ್ಮ ಹೆಸರಿನಲ್ಲಿ ಜಾಹೀರಾತು ಮಾಡಿ ನಾಲ್ಕು ಕಾಸು ದುಡಿಯುವುದಕ್ಕೂ 2021ರವರೆಗೆ ಬಿಡುತ್ತಿರಲಿಲ್ಲ. ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು ಅಂತ ಆಗಿದ್ದು 2025ರಲ್ಲಿ. ನೆಲಕ್ಕೆ ಬ್ರೆಜಿಲ್ ಮರ ಹಾಕುವ ಮೊದಲೇ ಆಡುವವನ ಕೈಗೆ ಏನಾದರೂ ಬರಬೇಕಿತ್ತು, ಅಲ್ವಾ?

ಊರಿನಲ್ಲಿ ನಾನು ಓದಿದ ಕಾಲೇಜಿನ ಮೈದಾನವೂ ನೆನಪಾಯಿತು. ಕಬಡ್ಡಿ ತಂಡದ ಹುಡುಗಿಯರು ಖಾಲಿ ಕ್ಲಾಸ್‌ರೂಮಿನಲ್ಲಿ ಬಟ್ಟೆ ಬದಲಾಯಿಸುತ್ತಿದ್ದರು. ಚಿಲಕ ಇಲ್ಲ, ಹಾಗಾಗಿ ಒಬ್ಬಳು ಹೊರಗಿನಿಂದ ಬಾಗಿಲು ಎಳೆದು ಹಿಡಿದುಕೊಂಡು ನಿಲ್ಲಬೇಕು. ನಮ್ಮ ಬ್ಯಾಚಿನಲ್ಲಿ ಚೆನ್ನಾಗಿ ದುಡಿಯುತ್ತಿರುವವರು ಎಷ್ಟು ಜನ ಇಲ್ಲ!

ವಾಪಸ್ ಬಂದವನೇ, ನಾವೂ ನಮ್ಮ ಕಾಲೇಜಿಗೆ ಏನಾದರೂ ಮಾಡೋಣ ಅಂತ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಈಗಿನ ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿದರೆ ಮೊದಲು ಹೇಳಿದ್ದು ಹುಡುಗಿಯರಿಗೆ ಒಂದು ಕೋಣೆ, ನಲ್ಲಿ ನೀರು, ಶೌಚಾಲಯ. ಮೇಸ್ತ್ರಿ ಎಸ್ಟಿಮೇಟ್ ಕೊಡುತ್ತೇನೆ ಅಂದಿದ್ದಾರೆ. ನಮ್ಮ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗ್ರೂಪಿಗೆ ಬನ್ನಿ, ಲೆಕ್ಕ ಎಲ್ಲ ಅಲ್ಲೇ ಹಾಕುತ್ತೇವೆ.