ಅಜ್ಜಿಯ ಬೊಂಬಾಯಿ ಸೀಮೆಗೆ

ನನ್ನ ಅಜ್ಜಿ ತವರಿಗೆ ಹೊರಟಾಗಲೆಲ್ಲ "ಬೊಂಬಾಯಿ ಸೀಮೆಗೆ ಹೋಗಿ ಬರುತ್ತೇನೆ" ಎನ್ನುತ್ತಿದ್ದಳಂತೆ. ತವರು ಸಿದ್ದಾಪುರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ, ಗಂಡನ ಮನೆ ಸಾಗರದ ಹತ್ತಿರ. ಬೆಳಗ್ಗೆ ಎತ್ತಿನ ಗಾಡಿ ಹೂಡಿದರೆ ದೀಪ ಹಚ್ಚುವ ಹೊತ್ತಿಗೆ ತಲುಪುವಷ್ಟು ದೂರ. ಎರಡೂ ಕಡೆ ಅದೇ ಮಳೆ, ಅದೇ ತಂಬುಳಿ, ಅದೇ ಮಾತು. ಆದರೆ 1956ರ ನವೆಂಬರ್ 1ರ ತನಕ ಅವು ಎರಡು ಬೇರೆ ಸರ್ಕಾರಗಳ ಕೆಳಗಿದ್ದವು. ತಾಲ್ಲೂಕಿನ ಅಧಿಕಾರಿಗಳೆಂದರೆ ಇಲ್ಲಿ ಅಮಲ್ದಾರರು, ಅಲ್ಲಿ ಮಾಮಲೇದಾರರು. ಆ ದಾರಿಯಲ್ಲಿ ಒಮ್ಮೆ ನಿಧಾನವಾಗಿ ಹೋಗಬೇಕೆಂಬ ಆಸೆ ನನಗೆ ಬಹಳ ವರ್ಷಗಳಿಂದ ಇತ್ತು. ದೀಪಾವಳಿ ಕಳೆದ ಮೇಲೆ, ಎಂಬತ್ತೆರಡರ ಸೋದರತ್ತೆಯನ್ನು ಜೊತೆಗೆ ಕರೆದುಕೊಂಡು ಹೊರಟೆ. ಆ ದಾರಿಯ ನೆನಪು ಇನ್ನೂ ಉಳಿದಿರುವುದು ಅವಳೊಬ್ಬಳಲ್ಲೇ.

ಮೊದಲು ಇಕ್ಕೇರಿ. ಸಾಗರದಿಂದ ಆರು ಕಿಲೋಮೀಟರ್ ಇರಬಹುದು. ಅಡಿಕೆಯ ಕೊನೆಕೊಯ್ಲು ಶುರುವಾಗಿತ್ತು, ದಾರಿಯ ಎಡಬಲದ ಮನೆಗಳಂಗಳದಲ್ಲಿ ಹಂಡೆಗಳು ಕುದಿಯುತ್ತಿದ್ದವು. ಅಡಿಕೆ ಬೇಯಿಸಿದ ಚೊಗರಿನ ಒಗರು ವಾಸನೆ ಕಾರಿನೊಳಗೂ ಬಂತು. ಅಘೋರೇಶ್ವರನ ಗುಡಿಯೊಳಗೆ ಕಾಲಿಟ್ಟರೆ ಮೊದಲು ತಾಗುವುದು ಕಲ್ಲಿನ ತಂಪು. ಗರ್ಭಗುಡಿಯ ಎದುರಿನ ನೆಲದಲ್ಲಿ ಈ ಸೀಮೆಯನ್ನಾಳಿದ ಕೆಳದಿ ಮನೆತನದ ಮೂವರು ನಾಯಕರ ಚಿಕ್ಕ ಉಬ್ಬುಚಿತ್ರಗಳಿವೆ, ದೇವರಿಗೆ ಅಡ್ಡಬಿದ್ದ ಹಾಗೆ. ಅತ್ತೆ ಮಂಡಿಯೂರಿ ಕುಳಿತು ಮೊಬೈಲ್ ಬೆಳಕನ್ನು ಓರೆಯಾಗಿ ಹಿಡಿಸಿದಳು. ಒಬ್ಬನ ಕೈಕಾಲಿಗೆ ಸಂಕೋಲೆ ಇರುವುದು ಆಗ ಕಂಡಿತು. "ರಾಜನಿಗೂ ಸಂಕೋಲೆಯೇ ಮಾಣಿ?" ಎಂದಳು. ಭಕ್ತರ ಪಾದಗಳು ಅವನ ಬೆನ್ನನ್ನು ನಯವಾಗಿಸಿವೆ.

ಇಕ್ಕೇರಿಯನ್ನು ಇಂದು ಒಂದು ಹಳ್ಳಿಯಾಗಿ ನೋಡುತ್ತೇವೆ. 1623ರಲ್ಲಿ ಇದು ಬೇರೆ ದೇಶದ ರಾಯಭಾರಿಗಳು ಬಂದು ನಿಲ್ಲುತ್ತಿದ್ದ ಕೆಳದಿಯವರ ರಾಜಧಾನಿ. ಆ ವರ್ಷ ಗೋವೆಯ ಪೋರ್ಚುಗೀಸರ ನಿಯೋಗವೊಂದು ಹೊನ್ನಾವರ, ಗೇರುಸೊಪ್ಪೆಗಳ ಮೇಲೆ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿತ್ತು. ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ, ಮರಳಿನ ಮೇಲೆ ಬೆರಳಾಡಿಸಿ ಲೆಕ್ಕ ಕಲಿಯುತ್ತಿದ್ದ ಮಕ್ಕಳನ್ನು ದಾರಿಯಲ್ಲಿ ಕಂಡು ಪತ್ರದಲ್ಲಿ ಬರೆದಿಟ್ಟ. ಇಕ್ಕೇರಿಯ ಹೆಸರು ಹೊತ್ತ ಚಿನ್ನದ ವರಹ ಈ ಸೀಮೆಯ ಆಚೆಗೂ ಚಲಾವಣೆಯಲ್ಲಿತ್ತು. ಅದರ ಮೇಲೆ ಶಿವ ಪಾರ್ವತಿಯರಿದ್ದರು. 1763ರಲ್ಲಿ ಹೈದರಾಲಿ ಕೆಳದಿಯವರ ಮುಂದಿನ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ತಾನು ಹೊಡೆಸಿದ ವರಹದಲ್ಲೂ ಆ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಕಿಸಿದ. ದೊರೆ ಬದಲಾದರೂ ಜನ ನಂಬಿದ ನಾಣ್ಯದ ಮುಖವನ್ನು ಬದಲಿಸುವ ಧೈರ್ಯವನ್ನು ಅವನೂ ಮಾಡಲಿಲ್ಲ. ಇಡೀ ಕೆಳದಿ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ಈ ಕೆಳದಿಯವರಿಗೆ ಬಡಗಣ ನೆರೆ ಸಿರ್ಸಿ ಹತ್ತಿರದ ಸೋದೆ. ಎರಡೂ ವಿಜಯನಗರದ ನೆರಳಲ್ಲಿ ಬೆಳೆದ ಮನೆತನಗಳು, ವಿಜಯನಗರ ಕುಸಿದ ಮೇಲೆ ತಮ್ಮ ಕಾಲ ಮೇಲೆ ನಿಂತವರು. ಗಡಿಗಾಗಿ ಪದೇ ಪದೇ ಕಾದಾಡಿದವರು ಕೂಡ. ಬಿದನೂರಿನ ಬೆನ್ನಿಗೇ ಸೋದೆಯೂ ಹೈದರನ ಪಾಲಾಯಿತು. ಅಲ್ಲಿಗೆ ಎರಡರ ಕಥೆ ಒಂದೇ ಆಗಬೇಕಿತ್ತು, ಆಗಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬಿದನೂರು ಸೀಮೆ ಮೈಸೂರು ಒಡೆಯರಿಗೆ ಬಂತು. ಸೋದೆಯ ನೆಲ ಕೆನರಾದೊಂದಿಗೆ ಕಂಪನಿ ಸರ್ಕಾರಕ್ಕೆ ಸೇರಿ ಮೊದಲು ಮದರಾಸಿನ ಕೆಳಗೆ, 1862ರಿಂದ ಬೊಂಬಾಯಿಯ ಕೆಳಗೆ ಉಳಿಯಿತು. ಅಜ್ಜಿಯ ಬಾಯಲ್ಲಿದ್ದ ಬೊಂಬಾಯಿ ಇದೇ.

ತಾಳಗುಪ್ಪ ದಾಟಿ ಜೋಗಕ್ಕೆ ಬಂದಾಗ ಮಧ್ಯಾಹ್ನ. ಲಿಂಗನಮಕ್ಕಿ ಅಣೆಕಟ್ಟು ತಡೆದ ನೀರು ಈ ದಿನಗಳಲ್ಲಿ ಕೆಳಗೆ ಹೆಚ್ಚು ಬರುವುದಿಲ್ಲ; ನಾಲ್ಕು ಧಾರೆಗಳೂ ಕಪ್ಪು ಬಂಡೆಗೆ ಅಂಟಿದ ನೂಲಿನಂತಿದ್ದವು. ನಾವು ನೋಡಲು ಬಂದದ್ದು ಜಲಪಾತವನ್ನಲ್ಲವಾದ್ದರಿಂದ ಬೇಸರವಾಗಲಿಲ್ಲ. ಅತ್ತೆ ಕಣಿವೆಯಾಚೆಗೆ ಬೊಟ್ಟು ಮಾಡಿದಳು. ಎದುರು ದಡದ ನೆತ್ತಿಯ ಮೇಲೆ ಬೊಂಬಾಯಿ ಬಂಗಲೆ, ಈಚೆ ದಡದಲ್ಲಿ ಮೈಸೂರು ಬಂಗಲೆ. ಒಂದೇ ಜಲಪಾತ ನೋಡಲು ಎರಡು ಸರ್ಕಾರಗಳು ಎದುರುಬದುರು ಕಟ್ಟಿಕೊಂಡ ಮನೆಗಳು.

ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಮಾವಿನಗುಂಡಿ. ಕಾರು ನಿಲ್ಲಿಸೆಂದು ಅತ್ತೆ ತಾನಾಗಿ ಹೇಳಿದಳು. 1930ರಿಂದ 1932ರವರೆಗೆ ಸಿದ್ದಾಪುರ, ಅಂಕೋಲಾ ತಾಲ್ಲೂಕುಗಳ ರೈತರು ಬ್ರಿಟಿಷರಿಗೆ ಕಂದಾಯ ಕೊಡಲು ನಿರಾಕರಿಸಿದಾಗ ಸರ್ಕಾರ ಹೊಲಮನೆಗಳನ್ನು ಜಪ್ತಿ ಮಾಡಿತು, ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆಯೆದುರು ಇಲ್ಲಿ ಹೆಂಗಸರು ಉಪವಾಸ ಕುಳಿತರು. ಅವರ ಸ್ಮಾರಕ ರಸ್ತೆಯ ಪಕ್ಕದಲ್ಲೇ ಇದೆ. ಅಜ್ಜಿಗೆ ಆಗ ಹನ್ನೆರಡು ವರ್ಷ. ಅವಳ ಮನೆಗೂ ಜಪ್ತಿಯವರು ಬಂದಿದ್ದರಂತೆ. "ಹಿತ್ತಾಳೆಯ ಕೊಪ್ಪರಿಗೆಯನ್ನು ಇಬ್ಬರು ಸೇರಿ ಎತ್ತಿಕೊಂಡು ಹೋದರು. ಅದರೊಳಗೆ ನೆನೆಹಾಕಿದ ಅಕ್ಕಿಯಿತ್ತು. ಆಯಿ ಅದನ್ನು ಸಾಯುವ ತನಕ ಹೇಳುತ್ತಿದ್ದಳು," ಎಂದಳು ಅತ್ತೆ. ಮದುವೆಯಾಗಿ ಹೊಳೆ ದಾಟಿ ಬಂದ ಮೇಲೆ ಅಜ್ಜಿಗೆ ಆಶ್ಚರ್ಯವಾಗಿದ್ದು ಒಂದೇ ವಿಷಯಕ್ಕೆ: ಗಂಡನ ಮನೆಯಲ್ಲಿ ಯಾರ ಪಾತ್ರೆಯೂ ಹೋಗಿರಲಿಲ್ಲ. ಇದು ಮಹಾರಾಜರ ಸೀಮೆ. ಇಲ್ಲಿನವರು ಆ ಚಳವಳಿಯನ್ನು ಪತ್ರಿಕೆಯಲ್ಲಿ ಓದಿದ್ದರು.

ಈಚೆ ದಡದ ಕಾಲ ಬೇರೆಯಾಗಿ ಬಂತು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಅಮಲ್ದಾರರೂ ಒಬ್ಬ ಪೊಲೀಸ್ ಅಧಿಕಾರಿಯೂ ಆ ಗಲಭೆಯಲ್ಲಿ ಸತ್ತರು. ಮರುವರ್ಷ ಊರಿನ ಐವರಿಗೆ ಗಲ್ಲಾಯಿತು. ಗಲ್ಲಿಗೆ ಹಾಕಿದ್ದು ಬ್ರಿಟಿಷರ ಕಲೆಕ್ಟರನಲ್ಲ, ಮೈಸೂರು ಸರ್ಕಾರ. ಈಸೂರನ್ನು ಕೊಂಡಾಡುವಾಗ ನಾವು ಈ ಮಾತನ್ನು ಮೆಲ್ಲಗೆ ದಾಟಿಬಿಡುತ್ತೇವೆ. ದಾಟಬಾರದು.

1947ರ ಆಗಸ್ಟ್ 15ರಂದು ಸಿದ್ದಾಪುರದವರಿಗೆ ಸ್ವಾತಂತ್ರ್ಯ ಬಂತು. ಹೊಳೆಯ ಈಚೆ ಬ್ರಿಟಿಷರು ಹೋದರೂ ಜನರ ಸರ್ಕಾರ ಬರಲಿಲ್ಲ; ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ನಡೆಯಬೇಕಾಯಿತು. ಕೆ.ಸಿ. ರೆಡ್ಡಿಯವರ ಸಚಿವ ಸಂಪುಟ ಅಧಿಕಾರ ವಹಿಸಿಕೊಂಡಾಗ ಅಕ್ಟೋಬರ್ ತಿಂಗಳು. ಅಜ್ಜಿಯ ತವರಿಗೂ ಗಂಡನ ಮನೆಗೂ ನಡುವೆ ಎರಡು ತಿಂಗಳ ಅಂತರ. ಶಾಲೆಯಲ್ಲಿ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ಕೆಳದಿಯ ಚೆನ್ನಮ್ಮ ರಾಜಾರಾಮನಿಗೆ ಆಶ್ರಯ ಕೊಟ್ಟ ಪಾಠ ಇತ್ತು, ಸೋದೆಯ ಹೆಸರೇ ಇರಲಿಲ್ಲ.

ರಾತ್ರಿ ಸಿರ್ಸಿಯಲ್ಲಿ ಉಳಿದು ಬೆಳಗ್ಗೆ ಸೋದೆಗೆ ಹೋದೆವು. ವಾದಿರಾಜ ಮಠದಲ್ಲಿ ಜನವೋ ಜನ. ಕೋಟೆಯಲ್ಲಿ ಮಾತ್ರ ನಾವಿಬ್ಬರು. ಕಲ್ಲುಗೋಡೆಯ ಸಂದುಗಳಲ್ಲಿ ಮರದ ಬೇರು. ಒಳಗೆ, ಕೆತ್ತನೆಯ ಗಿಡ್ಡ ಕಂಬಗಳ ಮೇಲೆ ಕೂರಿಸಿದ ದೊಡ್ಡದೊಂದು ಚೌಕ ಚಪ್ಪಡಿ, ಒಂದೇ ಕಲ್ಲು. ಅಂಗೈ ಇಟ್ಟರೆ ಎಲ್ಲೂ ಏರುತಗ್ಗು ಸಿಗುವುದಿಲ್ಲ. ಇದರ ಮೇಲೆ ಕುಳಿತಿದ್ದವರು ಹೈದರನ ದಂಡು ಬಂದಾಗ ಎಲ್ಲವನ್ನೂ ಬಿಟ್ಟು ಗೋವೆಗೆ ಓಡಿದರು. ಇಕ್ಕೇರಿಗೆ ರಾಯಭಾರಿಗಳನ್ನು ಕಳಿಸುತ್ತಿದ್ದ ಅದೇ ಪೋರ್ಚುಗೀಸರು ಸೋದೆಯವರಿಗೆ ಆಶ್ರಯ ಕೊಟ್ಟರು, ಅವರ ಕೈಯಲ್ಲಿದ್ದ ಫೋಂಡಾ, ಕಾಣಕೋಣದ ಸೀಮೆಗಳನ್ನು ತಮ್ಮದಾಗಿಸಿಕೊಂಡರು. ಸೋದೆಯ ಅರಸರು ಅಲ್ಲಿ ಸೌಂದೇಕರರಾದರು. ಆ ಸೀಮೆಗೆ ಬಿಡುಗಡೆ ಸಿಕ್ಕಿದ್ದು 1961ರ ಡಿಸೆಂಬರ್ 19ರಂದು, ಸಿದ್ದಾಪುರಕ್ಕಿಂತ ಹದಿನಾಲ್ಕು ವರ್ಷ ತಡವಾಗಿ.

ನಾವು ಹೊರಡುವ ಹೊತ್ತಿಗೆ ಗೋವೆಯ ಕಾರೊಂದು ಬಂತು. ಇಳಿದವರು ಅತ್ತೆಯ ವಯಸ್ಸಿನ ಒಬ್ಬರು ಅಜ್ಜಿ, ಮಗ, ಸೊಸೆ. ಫೋಂಡಾದ ಕಡೆಯವರು. ಮಗ ಹರಕುಮುರುಕು ಕನ್ನಡದಲ್ಲಿ, "ನಮ್ಮ ಬಾಂದಿವಡೆಯಲ್ಲಿ ಸೌಂದೇಕರರ ಅರಮನೆ ಇದೆ. ಅವರ ಮೂಲ ಊರು ತೋರಿಸೆಂದು ಅಮ್ಮ ಹಟ ಮಾಡಿದರು," ಎಂದ. ಆ ಹಿರಿಯ ಹೆಂಗಸು ನೇರವಾಗಿ ಚಪ್ಪಡಿಯ ಹತ್ತಿರ ಹೋಗಿ ಅದರ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೊಂಕಣಿಯಲ್ಲಿ ಏನೋ ಕೇಳಿದರು. ಅತ್ತೆಗೆ ಕೊಂಕಣಿ ಬರುವುದಿಲ್ಲ. ಆದರೂ ಚೀಲದಿಂದ ಎಲೆಯ ಸಂಚಿ ತೆಗೆದು, ಎರಡು ವೀಳ್ಯದೆಲೆ ಒರೆಸಿ, ನಮ್ಮ ತೋಟದ ಚಾಲಿ ಅಡಿಕೆಯ ಹೋಳುಗಳನ್ನಿಟ್ಟು ಅವರ ಮುಂದೆ ಹಿಡಿದಳು. ಇಬ್ಬರೂ ಕಲ್ಲಿನ ಪಕ್ಕದ ಮಣ್ಣಿನ ಮೇಲೆ ಕುಳಿತು ಎಲೆ ಹಾಕತೊಡಗಿದರು. ಅವಸರ ಮಾಡುವ ಮನಸ್ಸು ನನಗಾಗಲಿಲ್ಲ. ಕಾರಿನ ಬಾಗಿಲು ತೆರೆದಿಟ್ಟು ಕಾಯುತ್ತಾ ನಿಂತೆ.